ಫಿಯೆಟ್ಟಿನ ಸದ್ದಡಗಿಸಿದ್ದು

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 3

ಹಿಂದಿನ ಸೀಟು ಹೊರಗೆ ಬಂತು. ಅಡಿಯಲ್ಲಿ ಹೇರ್‌ಪಿನ್, ವಾಶಿ ಟೋಲಿನ ಚೀಟಿ, ಕಡಲೆಕಾಯಿ ಸಿಪ್ಪೆ. ಸೊಸೈಟಿಯವರೆಲ್ಲ ಬಾಲ್ಕನಿಯಿಂದ ನೋಡುತ್ತಿದ್ದಾರೆ — ಅರವತ್ತೊಂದರ ಹೆಂಗಸು ಹಳೇ ಫಿಯೆಟ್ಟಿನೊಳಗೆ ತಲೆ ತೂರಿಸಿಕೊಂಡು... ನೋಡಲಿ.

ಇವರದು, ನನ್ನ ಗಂಡನದು, ಒಂದೇ ರಾಗ. "ಕಿವಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ಈ ಕಾರಿನ ಶಬ್ದಕ್ಕೆ ನೀನು ಹೇಳುದು ಕೇಳುದಿಲ್ಲ, ಅಷ್ಟೆ." ಥಾಣೆಯಲ್ಲಿರುವ ಮಗಳು ಅಶ್ಮಿತಾ ಫೋನಿನಲ್ಲಿ ಹೇಳುವುದೇ ಬೇರೆ. "ಪಪ್ಪನ ಕಿವಿ ಟೆಸ್ಟ್ ಮಾಡ್ಸು ಅಮ್ಮ. ಇಲ್ಲಾಂದ್ರೆ ಗಾಡಿ ಬಂದ್."

ಮನೆಯಲ್ಲಿ ಎದುರು ನಿಂತರೆ ಉತ್ತರ ಬರುತ್ತದೆ. ಕಾರಿನಲ್ಲಿ ಇಲ್ಲ. ಟೆಸ್ಟಿಗೆ ಒಪ್ಪುವುದಿಲ್ಲ. ಸ್ಟೀರಿಂಗ್ ಕಿತ್ತುಕೊಂಡರೆ ಈ ಮನುಷ್ಯ ಉಳಿದಾರೇ? ಹೆದರಿಕೆ. ಕುತೂಹಲವೂ. ಕಾರೋ, ಕಿವಿಯೋ? ಕಾರನ್ನು ಸುಮ್ಮನಾಗಿಸಿದರೆ ಗೊತ್ತಾಗುತ್ತದಲ್ಲ.

ಫೆ. 11

ಕಳಂಬೋಲಿ. ಜಯೇಶನ ಕಾರ್ ಸಾಮಾನಿನ ಅಂಗಡಿ. ಸದ್ದಡಗಿಸುವ ಶೀಟು ಕೊಂಡೆ, ಒಂದು ಬದಿ ಕಪ್ಪು ಅಂಟು, ಇನ್ನೊಂದು ಬದಿ ಬೆಳ್ಳಿ ಹಾಳೆ. "ಆಂಟಿ, ಠೋಕ್ ಕೇ ದೇಖೋ. ಜಹಾಂ ಬಜೇಗಾ, ವಹಾಂ ಲಗಾವೋ." ಬಡಿದು ನೋಡು, ಎಲ್ಲಿ ಬಾರಿಸುತ್ತದೋ ಅಲ್ಲಿ ಅಂಟಿಸು. ಚಂದದ ಮಾತು.

ಫೆ. 16, ಭಾನುವಾರ

ಕಾರಿನ ನೆಲಕ್ಕೆ, ಬಾಗಿಲಿಗೆ ಶೀಟು ಇಡು, ಹೇರ್‌ಡ್ರೈಯರ್‌ನಿಂದ ಬಿಸಿ ಮಾಡು, ಚಪಾತಿ ಲಟ್ಟಣಿಗೆಯಿಂದ ಒತ್ತು. ತೆಂಗಿನಕಾಯಿ ನೋಡುವ ಹಾಗೆ ಬಡಿದು ನೋಡುತ್ತೇನೆ. ಮೊದಲು ಠಣ್. ಅಂಟಿಸಿದ ಮೇಲೆ ಠಪ್. ತಗಡಿನ ನಡುಕವೇ ಶಬ್ದವಂತೆ, ನಡುಕ ನಿಂತರೆ ಶಬ್ದ ನಿಂತಿತು. ಇಷ್ಟು ವರ್ಷ ಗೊತ್ತಿರಲಿಲ್ಲ.

ಇವರು ಚಹಾ ತಂದರು. "ಮುಗೀಲಿ, ಅಶ್ಮಿತಾನ ಬಾಯಿ ಮುಚ್ತದೆ." ದೇವರೇ, ಇವರು ಹೇಳಿದ್ದೇ ಸರಿಯಾಗಲಿ.

ಫೆ. 23, ಭಾನುವಾರ, ಮಧ್ಯಾಹ್ನ 12

ಬೆಳಿಗ್ಗೆ ಪಾಮ್ ಬೀಚ್ ರೋಡ್. ಹಿಂದಿನ ಸೀಟು ಮತ್ತೆ ಜೋಡಿಸಿಯಾಗಿದೆ; ನಾನು ಇವರ ಸೀಟಿನ ಬೆನ್ನಿಗೇ ಕೂತೆ, ಬೇಕೆಂದೇ. ಕನ್ನಡಿಯಲ್ಲಿ ನನ್ನ ಬಾಯಿ ಕಾಣಬಾರದು. ಎಂಥ ಕಾರು ಈಗ... ಸೆರಗು ಸರಿಸಿದ್ದೂ ಕೇಳುತ್ತದೆ.

ಮಾತಾಡುತ್ತಲೇ ಹೋದೆ. ಅಶ್ಮಿತಾಳ ಹೊಸ ಫ್ಲ್ಯಾಟು, ನನ್ನ ಮಂಡಿನೋವು. ಉತ್ತರವಿಲ್ಲ. ಗಾಡಿ ಸೆಕೆಂಡ್ ಗೇರಿನಲ್ಲೇ ಓಡುತ್ತಿದೆ, ಇಂಜಿನ್ ನರಳುತ್ತಿದೆ. "ಗೇರ್ ಬದಲ್ಸಿ," ಎಂದೆ. ಮೂರು ಸಲ.

ನಲವತ್ತು ವರ್ಷದಲ್ಲಿ ಗೇರ್ ತಪ್ಪಿದವರಲ್ಲ. ಆಗ ಹೊಳೆಯಿತು. ಇತ್ತೀಚೆಗೆ ಇಂಜಿನ್ನನ್ನು ಕಿವಿಯಿಂದ ಕೇಳುತ್ತಲೇ ಇರಲಿಲ್ಲ, ಪಾದದಿಂದ ಕೇಳುತ್ತಿದ್ದರು. ನೆಲದ ನಡುಕದಿಂದ. ಅದನ್ನೂ ನಾನೇ ಕೈಯಾರೆ ಅಂಟಿಸಿ ನಿಲ್ಲಿಸಿದೆ. ಅಳು ಬಂತು.

ನೆರೂಳ್ ಸಿಗ್ನಲಿನಲ್ಲಿ ತಿರುಗಿ ನೋಡಿದರು. ಮುಖದ ತುಂಬ ನಗು. "ಎಷ್ಟು ಶಾಂತ ನೋಡು, ಜಲಜಾ. ನೀನೆಂತ, ಮನೆಯಿಂದ ಒಂದು ಮಾತೂ ಆಡ್ಲಿಲ್ಲ? ಸಿಟ್ಟಾ?"

ಅದೇ ದಿನ, ಸಂಜೆ 5

ಎದುರು ಕೂತು ಹೇಳಿದೆ. ನಿಧಾನವಾಗಿ. ನನ್ನ ತುಟಿಯನ್ನೇ ನೋಡುತ್ತಿದ್ದರು.

"ಅಷ್ಟು ದೂರವೂ ಮಾತಾಡ್ತಾ ಇದ್ದಿಯಾ?"

"ಹೌದು."

 ಕಾರಿನ ಕೀಲಿ ತೆಗೆದು ನನ್ನ ಕಡೆ ಸರಿಸಿದರು. ಕುರ್ಚಿ ಹತ್ತಿರ ಎಳೆದುಕೊಂಡರು.

"ಎಂತ ಹೇಳ್ತಾ ಇದ್ದೆ? ಮೊದಲಿಂದ ಹೇಳು."

ಅಶ್ಮಿತಾಳ ಫ್ಲ್ಯಾಟಿನಿಂದ ಶುರು ಮಾಡಿದೆ. ಎರಡು ಮಾತು ಆಗಿರಲಿಲ್ಲ, ಇವರು ನನ್ನ ಕೈಯನ್ನು ಬಾಯಿಯ ಮುಂದಿನಿಂದ ಮೆಲ್ಲ ಸರಿಸಿದರು. "ತುಟಿ ಕಾಣ್ಲಿ, ಮಾರಾಯ್ತಿ."