ಹತ್ತರಲ್ಲಿ ಮೂರು ಧೈರ್ಯ

ಲತಾ,

ನಿನ್ನ ಹೆಸರಿನ ಹಿಂದೆ ಏನು ಸೇರಿಸಬೇಕೆಂದು ತೋಚದೆ ಬರೀ ಹೆಸರನ್ನೇ ಬರೆದಿದ್ದೇನೆ. ಮಂಗಳವಾರ ನಾವು ಮತ್ತೆ ಭೇಟಿಯಾಗಬೇಕು. ಅದಕ್ಕೆ ಮೊದಲು ಕೆಲವು ಮಾತು ಹೇಳಬೇಕು. ಎದುರು ಕೂತರೆ ನನ್ನಿಂದಾಗುವುದಿಲ್ಲ.

ನೀನು ಹೊಸದಾಗಿ ಮುಖ್ಯೋಪಾಧ್ಯಾಯಿನಿಯಾದಾಗ ಚನ್ನರಾಯಪಟ್ಟಣದ ನಿನ್ನ ಶಾಲೆಯ ಆಡಳಿತ ಮಂಡಳಿಯವರು ಹೊಸ ಹುದ್ದೆಗೆ ಒಗ್ಗಿಕೊಳ್ಳಲು ನಿನಗೆ ನೆರವಾಗುವ ಕೋಚ್ ಆಗಿ ನನ್ನನ್ನು ಹಾಸನದಿಂದ ಕರೆಸಿದರು. ತರಬೇತಿಯಲ್ಲಿ ನಾನು ಎರಡು ಮಾದರಿ ಕಲಿತಿದ್ದೆ. ಒಂದರಲ್ಲಿ ಗುರಿಯೇ ಮುಖ್ಯ. ಎಲ್ಲಿಗೆ ತಲುಪಬೇಕು, ಈಗ ಎಲ್ಲಿದ್ದೀಯ, ಈ ವಾರದ ಹೆಜ್ಜೆ ಯಾವುದು ಎಂದು ಕೋಚ್ ಕೇಳುತ್ತಾ ಹೋಗಬೇಕು. ಇನ್ನೊಂದರಲ್ಲಿ ಎದುರಿಗಿರುವ ಮನುಷ್ಯರೇ ಮುಖ್ಯ. ಉತ್ತರ ಅವರೊಳಗೇ ಇದೆಯೆಂದು ನಂಬಿ, ಅವಸರ ಮಾಡದೆ ಕೇಳಿಸಿಕೊಳ್ಳಬೇಕು. ಮಂಡಳಿಯವರಿಗೆ ಮೂರು ತಿಂಗಳಲ್ಲಿ ಫಲ ಬೇಕಿತ್ತು. ನಾನು ಮೊದಲನೆಯದನ್ನು ಆರಿಸಿಕೊಂಡೆ. ನಿನ್ನನ್ನು ಕೇಳಲೇ ಇಲ್ಲ.

ಪೋಷಕರ ಸಭೆಗೆ ವಾರವಿರುವಾಗ ನೀನು, "ಮೇಡಂ, ಸ್ಟೇಜ್ ಮ್ಯಾಲೆ ನಿಂತ್ರೆ ಉಸ್ರೇ ಕಟ್ಟಂಗಾಯ್ತದೆ," ಅಂದೆ. ಧೈರ್ಯ ಹತ್ತರಲ್ಲಿ ಎಷ್ಟಿದೆ ಎಂದು ನಾನು ಕೇಳಿದೆ. ನೀನು "ಮೂರು," ಅಂದೆ. ಅದು ಐದಾಗಲು ಏನು ಮಾಡುತ್ತೀಯ ಎಂದು ಮತ್ತೆ ಕೇಳಿದೆ, ತಲೆ ಎತ್ತದೆ ಬರೆದುಕೊಳ್ಳುತ್ತಾ.

ಕಳೆದ ಶನಿವಾರ ಆ ಸಭೆಯಲ್ಲಿ ನೀನು ಮಾತಿನ ನಡುವೆ ಮೈಕ್ ಕೆಳಗಿಟ್ಟು ಶಾಲೆಯ ಗೇಟು ದಾಟಿ ಹೋದೆಯಂತೆ. ಫೋನ್ ನಿನ್ನ ಮೇಜಿನ ಮೇಲೇ ಇತ್ತು. ಸುದ್ದಿ ಕೇಳಿ ಹಾಸನದಿಂದ ಓಡಿಬಂದ ನಾನು ಬಸ್ ಸ್ಟ್ಯಾಂಡೆಲ್ಲ ಹುಡುಕಿದೆ. ಅರಕಲಗೂಡಿನಲ್ಲಿರುವ ನಿನ್ನ ತಮ್ಮ ಪಾಲಾಕ್ಷನಿಗೆ ಫೋನ್ ಮಾಡಿದರೆ, "ಅಕ್ಕ ಇಲ್ಗೆ ಬಂದಿಲ್ಲ ಕಣ್ರೀ ಮೇಡಂ. ಏನಂದ್ರಿ ಅವ್ಳಿಗೆ?" ಎಂದ. ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿದೆ. ನೀರಿನ ಕಡೆ ನೋಡಲಾಗದೆ ಸ್ಟೇರಿಂಗಿಗೆ ಹಣೆಯೊತ್ತಿ ಕೂತಿದ್ದೆ.

ನಾಲ್ಕು ಗಂಟೆಗೆ ನೀನು ಯಾರದೋ ಫೋನಿನಿಂದ ತಮ್ಮನಿಗೆ ಕರೆ ಮಾಡಿದೆ. ಅವನು ತಿಳಿಸಿದೊಡನೆ ಹೊರಟು, ನೀನಿದ್ದ ಶ್ರವಣಬೆಳಗೊಳದ ರೈಲು ನಿಲ್ದಾಣಕ್ಕೆ ಅವನಿಗಿಂತ ಮೊದಲು ನಾನೇ ತಲುಪಿದೆ. ಈ ಸಲ ಎರಡನೆಯ ಮಾದರಿಯಂತೆ ಬೆಂಚಿನಲ್ಲಿ ಮಾತಿಲ್ಲದೆ ಪಕ್ಕ ಕೂತೆ. ಬಹಳ ಹೊತ್ತಾದ ಮೇಲೆ ನೀನು ಅಂದೆ: "ಅವತ್ತು ಪ್ರಶ್ನೆ ಮ್ಯಾಲೆ ಪ್ರಶ್ನೆ ಕೇಳಿ ಎದ್ರುಸುದ್ರಿ. ಇವತ್ತು ಇಂಗೆ ಸುಮ್ಕೆ ಕೂತು ಎದ್ರುಸ್ತಿದ್ದೀರ. ಕೈನಾದ್ರೂ ಇಡ್ಕಳಿ."

ಹಿಡಿದುಕೊಂಡೆ. ನಿನ್ನ ತಮ್ಮ ಬರುವವರೆಗೂ ಬಿಡಲಿಲ್ಲ.

ಈಗ ನನಗೆ ಎರಡೂ ಮಾದರಿಗಳ ಭಯ. ಗುರಿ ಕೇಳಿದರೆ ತಳ್ಳಿದಂತಾಗುತ್ತದೆಯೇನೋ, ಸುಮ್ಮನಿದ್ದರೆ ಕೈಬಿಟ್ಟಂತೆಯೇನೋ. ಅದಕ್ಕಿಂತ ದೊಡ್ಡದು ನನ್ನ ತಪ್ಪು: ಉಸಿರು ಕಟ್ಟುತ್ತದೆ ಎಂದು ನೀನು ಅಂದ ದಿನವೇ ಅದು ನನ್ನ ಕೆಲಸಕ್ಕೆ ಮೀರಿದ್ದೆಂದು ಹೇಳಬೇಕಿತ್ತು. ಹೇಳಲಿಲ್ಲ. ನಿನ್ನನ್ನು ಹುದ್ದೆಯಲ್ಲಿ ಉಳಿಸಬಹುದೇ ಎಂದು ಮಂಡಳಿಯವರು ವರದಿ ಕೇಳಿದ್ದರು. ನೀನು ಹೇಳಿದ್ದನ್ನೆಲ್ಲ ನನ್ನಲ್ಲೇ ಇಟ್ಟುಕೊಂಡು, ದಾರಿ ತಪ್ಪಿಸಿದವಳು ನಾನೆಂದಷ್ಟೇ ಬರೆದು ಇಂದು ಕಳಿಸಿದೆ. ಅವರೇನು ಮಾಡುತ್ತಾರೋ ಗೊತ್ತಿಲ್ಲ.

ಮಂಗಳವಾರ ಹಾಸನದಲ್ಲಿ ಇಂಥ ಭಯಕ್ಕೆ ಚಿಕಿತ್ಸೆ ಕೊಡುವ ವೈದ್ಯರೊಬ್ಬರು ಸಿಗುತ್ತಾರೆ. ನೀನು ಒಪ್ಪಿದರೆ ಜೊತೆಗೆ ಬರುತ್ತೇನೆ. ಒಳಗೆ ಬರಬೇಡ ಅಂದರೆ ಹೊರಗೆ ಕೂತಿರುತ್ತೇನೆ. ನನ್ನ ಮುಖವೇ ಬೇಡವೆನಿಸಿದರೆ ಅದನ್ನೂ ಹೇಳು, ಬೇಜಾರಿಲ್ಲ.

ಅಲ್ಲಿಯವರೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ಒಳ್ಳೆಯದಾಗಲಿ, ತಾಯಿ.

ನಿನ್ನ ಉತ್ತರಕ್ಕೆ ಹೆದರಿಕೊಂಡೇ ಕಾದಿರುವ,
ಯಮುನಾ