ಅಂಬಮ್ಮ ಕೂತ ಚಿತ್ರ

ಗಾಂಧಿನಗರ, ಬಳ್ಳಾರಿ
೧೨ ಫೆಬ್ರುವರಿ ೨೦೨೫

ಸಿರುಗುಪ್ಪದಲ್ಲಿರುವ ನನ್ನ ಮುದ್ದು ಜ್ಯೋತಿಲಕ್ಷ್ಮಿಗೆ,

ಮೂರು ದಿನದಿಂದ ನಿನ್ನ ಫೋನು ಎತ್ತಿಲ್ಲ. ಬೈದುಕೋ, ಪರವಾಗಿಲ್ಲ. ಮಾತಾಡುವ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ. ನಿಮ್ಮವ್ವನ ವರ್ಷದ ಪೂಜೆಗೆ ಇಡಲು ನಾನು ಬರೆದ ಅವಳ ಚಿತ್ರ ಬೇಕೆಂದು ಮೆಸೇಜು ಹಾಕಿದ್ದೀಯ. ಕುರುಗೋಡಿನ ಸ್ಟುಡಿಯೊದಲ್ಲಿ ತೆಗೆಸಿದ ಅವಳ ಮದುವೆ ಫೋಟೊದಲ್ಲಿ ಮುಖಕ್ಕೆ ಸುಣ್ಣ ಬಳಿದ ಹಾಗೆ ಬಿಳುಪು ಮಾಡಿದ್ದಾರೆ. ನಿನ್ನ ಫೋನೂ ಕೇಳದೆಯೇ ಎಲ್ಲರನ್ನೂ ಬೆಳ್ಳಗೆ ಮಾಡುತ್ತದೆ. ಅವಳ ನಿಜವಾದ ಮುಖ ಇರುವುದು ನನ್ನ ಹತ್ತಿರ ಮಾತ್ರ ಎಂದು ನೀನು ನಂಬಿದ್ದೀಯ.

ಮೆಣಸಿನಕಾಯಿ ಹೊಲದ ಕೂಲಿ ಬಿಟ್ಟು, ರೂಪನಗುಡಿಯಿಂದ ಬೆಳಗಿನ ಬಸ್ಸಿಗೆ ಬಂದು ನಿಮ್ಮವ್ವ ಅಂಬಮ್ಮ ಹನ್ನೆರಡು ದಿನ ನನ್ನೆದುರು ಕೂತಳು. ಯುರೋಪಿನ ಹಳೆಯ ಚಿತ್ರಗಳ ಪುಸ್ತಕ ತೋರಿಸಿದ್ದೆ. ಮುತ್ತಿನ ಸರದ ರಾಣಿಯನ್ನು ಅವಳು ನೋಡಲೇ ಇಲ್ಲ. ಹಿಂದೆ ತಟ್ಟೆ ಹಿಡಿದು ನಿಂತ ಕಪ್ಪು ಹೆಂಗಸಿನ ಮೇಲೆ ಬೆರಳಿಟ್ಟು, 'ಈಕಿನ್ಯಾಕ ಮೂಲ್ಯಾಗ ನಿಂದ್ರಿಸ್ಯಾರ್ರಿ ಅಕ್ಕಾರೆ?' ಅಂತ ಕೇಳಿದಳು. 'ನೀನು ಕುರ್ಚಿಯಲ್ಲೇ ಕೂರು ತಾಯಿ' ಅಂದೆ. ಅವಳನ್ನು ರಾಣಿಯ ಉಡುಪಿನಲ್ಲಿ ಬರೆಯತೊಡಗಿದೆ, ಮುಗಿಯುವ ತನಕ ತೋರಿಸುವುದಿಲ್ಲ ಎಂದೆ. ಅವಳು ಕೇಳಿಕೊಂಡದ್ದು ಒಂದೇ: 'ನಾ ಹೆಂಗ ಅದೀನಿ ಹಂಗ ಬರೀರಿ, ನಮ್ಮ ಜ್ಯೋತಿಗೆ ಇರ್ಲಿ.' ಆಣೆ ಮಾಡಿದೆ. ಫೋಟೊ ತೆಗೆದಿಟ್ಟುಕೊಂಡು ಬರೆಯುವವಳಲ್ಲ ನಾನು, ಎದುರು ಕೂತವರನ್ನು ಕಂಡೇ ಬರೆಯುವವಳು ಎಂಬ ಜಂಬ ಬೇರೆ. ಆ ಜಂಬಕ್ಕೆ ಬೆಂಕಿ ಬೀಳಲಿ.

ಪಾರ್ವತಿನಗರದ ಪ್ರದರ್ಶನಕ್ಕೆ ಚಿತ್ರ ಒಯ್ದಾಗ, ಅದನ್ನು ನಡೆಸುತ್ತಿದ್ದ ಕೊಟ್ರಬಸಪ್ಪನವರು 'ಬಣ್ಣ ಒಂಚೂರು ತಿಳಿ ಮಾಡ್ರಿ ಮೇಡಂ, ಬಾಗಿಲ ಎದುರಿಗೇ ಹಾಕ್ತೀವಿ' ಅಂದರು. ಇಪ್ಪತ್ತು ವರ್ಷ ಬರೆದರೂ ಎದುರಿನ ಗೋಡೆಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ ಜ್ಯೋತಿ. ಆಸೆಗೆ ಬಿದ್ದೆ. ಹಣೆ, ಕೆನ್ನೆ, ಕೈ, ಎಲ್ಲದರ ಮೇಲೂ ತಿಳಿಬಣ್ಣ ಎಳೆದೆ.

ಮೊದಲ ದಿನವೇ ನಿಮ್ಮವ್ವ ಹೊಸ ಸೀರೆ ಉಟ್ಟು ಬಂದಳು. ಆ ಚಿತ್ರದ ಮುಂದೆಯೇ ನಿಂತು, 'ನಂದೆಲ್ಲಿ ಐತ್ರಿ?' ಎಂದಳು. ಇನ್ನೂ ತೂಗುಹಾಕಿಲ್ಲ ಅಂದುಬಿಟ್ಟೆ. ಎಂಥ ನಾಲಿಗೆ ನನ್ನದು! 'ಈಕಿ ಯಾರೋ, ಚಂದ ಅದಾಳ ಬಿಡ್ರಿ' ಎಂದು ಹೊಗಳಿ, ಇನ್ನೊಮ್ಮೆ ಬರುತ್ತೇನೆಂದು ಬಸ್ಸಿಗೆ ಹೋದಳು. ಇಪ್ಪತ್ತೇ ದಿನಕ್ಕೆ ಜ್ವರ ಅವಳನ್ನು ಒಯ್ದಿತು. ಈಗ ತಿದ್ದಬೇಕೆಂದರೆ ಯಾರನ್ನು ಎದುರಿಗೆ ಕೂರಿಸಿಕೊಳ್ಳಲಿ?

ಪೂಜೆಗೆ ಆ ಮದುವೆ ಫೋಟೊವನ್ನೇ ಇಡು. ಚಿತ್ರವನ್ನು ಕಳಿಸಲಾರೆ. ಯಾಕೆಂದು ಕೇಳಬೇಡ.

ನಿನ್ನ ಕ್ಷಮೆ ಕೇಳಲೂ ಮುಖವಿಲ್ಲದ,
ಸಂಪದಕ್ಕ

ತಾ.ಕ.: ಕೇಳಬೇಡ ಅಂದದ್ದು ತಪ್ಪು, ಹೇಳಿಬಿಡುತ್ತೇನೆ. ನಿನ್ನ ಮೆಸೇಜು ಬಂದ ದಿನ, ಮೇಲಿನ ತಿಳಿಬಣ್ಣವನ್ನಷ್ಟೇ ತೆಗೆಯೋಣವೆಂದು ಬಣ್ಣ ಕರಗಿಸುವ ಔಷಧ ಹಚ್ಚಿ ಒರೆಸಿದೆ. ಕೆಳಗಿನದೂ ಬಂದುಬಿಟ್ಟಿತು, ಮುಖವೇ ಉಳಿಯಲಿಲ್ಲ. ಒರೆಸಿದ ಅರಿವೆಯ ಮೇಲೆ ನಿಮ್ಮವ್ವನ ಬಣ್ಣ ಇದೆ, ಥೇಟ್ ಅವಳದೇ. ಅದನ್ನು ಇನ್ನೂ ಒಗೆದಿಲ್ಲ.