ಬೀಗದ ಕೈಗಾಗಿ ಕಡಿದ ಕೈ

ಮಾನ್ಯರೇ ಎನ್ನಲು ನಾಲಿಗೆ ಏಳುತ್ತಿಲ್ಲ. ಆದರೂ ರಂಗದ ಮೇಲೆ ಕಟುಕನಿಗೂ ಒಂದು ಸಂಬೋಧನೆ ಸಲ್ಲಬೇಕು. ಆದ್ದರಿಂದ, ಮಾನ್ಯ ಪ್ರಚಾರ ವಿಭಾಗದ ಮುಖ್ಯಸ್ಥರೇ! ಹೋದ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಹನ್ನೊಂದಕ್ಕೆ, ಆಟದ ಸಾಮಾನಿನ ಅಂಗಡಿಯೊಂದರ ಮಹಡಿಯಲ್ಲಿ, ಆರು ಮೇಜುಗಳ ಮೇಲೆ ಆರು ಸಲ ನೀವು ಒಬ್ಬ ಹೆಂಗಸಿನ ಕೈ ಕಡಿಸಿ ಕೊಲ್ಲಿಸಿದಿರಿ. ಅವಳನ್ನು ಸೃಷ್ಟಿಸಿದ ನನ್ನ ತಂಗಿ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಆರೂ ಸಾವನ್ನು ಕೇಳಿದಳು.

ಇದನ್ನು ಓದುವ ಇತರರು ಪೊಲೀಸರಿಗೆ ಫೋನ್ ಮಾಡುವ ಮುನ್ನ ಹೇಳಿಬಿಡುತ್ತೇನೆ, ಇದು ಆಟ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಒಬ್ಬ ಸೂತ್ರಧಾರ, ಈ ಮುಖ್ಯಸ್ಥರ ಕಂಪನಿ ಅಚ್ಚು ಹಾಕುವ ಆಟದ ಪುಸ್ತಕ ಹಿಡಿದು, ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಹೊಡೆದಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂದು ದಾಳ ಹೇಳುತ್ತದೆ. ನಮ್ಮ ಮೇಜಿಗೆ ಹದಿನಾಲ್ಕು ವರ್ಷದಿಂದ ನಾನೇ ಸೂತ್ರಧಾರ. ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವನು, ಮೈಕು ಬೇಕಿಲ್ಲ. ನಾನು ರಾಕ್ಷಸನ ಹೊಟ್ಟೆ ಸೀಳಿದರೆ ರಸ್ತೆಯಾಚೆಯ ಔಷಧಿ ಅಂಗಡಿಯವರು ತಲೆಯೆತ್ತಿ ನೋಡುತ್ತಾರೆ.

ರಕ್ತಕ್ಕೆ ಹೆದರುವವನು ನಾನಲ್ಲ ಎಂದು ಇದರಿಂದ ತಿಳಿಯಿರಿ. ನಿಜವಾದ ರಕ್ತವನ್ನೂ ನೋಡಿದ್ದೇನೆ. ತಂಗಿ ತಗಡು ಅಚ್ಚೊತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ನಡೆಸುತ್ತಿದ್ದಳು. ಒಂದು ದಿನ ಯಂತ್ರ ಇಳಿದಾಗ ಅವಳ ಬಲಗೈ ಅದರಡಿ ಇತ್ತು. ಮೊಣಕೈ ಕೆಳಗಿನದು ಬಕೆಟ್ಟಿನಲ್ಲಿ ಬಂತು. ಆಮೇಲೆ ಎಂಟು ತಿಂಗಳು ಅವಳು ಕೋಣೆ ಬಿಟ್ಟು ಹೊರಬರಲಿಲ್ಲ. ಅವಳನ್ನು ಹೊರತಂದದ್ದು ವೈದ್ಯರಲ್ಲ, ನಾನೂ ಅಲ್ಲ. ಹೇಳಲು ಹೊಟ್ಟೆ ಉರಿಯುತ್ತದೆ, ನಿಮ್ಮ ಕಂಪನಿ! ಹಿಂದಿನ ಆವೃತ್ತಿಯ ಹೊತ್ತಿಗೆ ನೀವು ಅಭಿಮಾನಿಗಳನ್ನು ಕರೆದು, ಒಂದೊಂದು ಪಾತ್ರ ಬರೆದು ಕಳಿಸಿ ಎಂದಿರಿ. ಅವಳು ಎಡಗೈಯಲ್ಲಿ, ಸೊಟ್ಟ ಅಕ್ಷರದಲ್ಲಿ, ಕೋಟೆಯ ಹೆಬ್ಬಾಗಿಲು ಕಾಯುವ ಒಂಟಿಗೈಯವಳನ್ನು ಬರೆದಳು. ನೀವು ಅಚ್ಚು ಹಾಕಿದಿರಿ, ಅವಳ ಮಾತಿನ ಸಮೇತ: “ನನಗೂ ಎರಡು ಕೈ. ಒಂದು ನನ್ನದು, ಇನ್ನೊಂದು ಬೀಗದ್ದು.” ಪುಸ್ತಕ ಬಂದ ದಿನ ತಂಗಿ ಚಪ್ಪಲಿ ಮೆಟ್ಟಿಕೊಂಡು ನಮ್ಮ ಮೇಜಿಗೆ ಬಂದಳು. “ಯಾರ ಜಾಗ ಖಾಲಿ ಇದೆ? ಸರ್ಕೊಳ್ರೋ,” ಎಂದಳು.

ಈಗ ನಿಮ್ಮ ಹೊಸ ಆವೃತ್ತಿ ಬರಲಿದೆ. ಹೊಸಬರಿಗೆ ನೀವು ಹೂವಿನಂಥ ಆಮಂತ್ರಣ ಕಳಿಸಿದಿರಿ. ನಮಗೆ, ಹಳಬರಿಗೆ, ಬಂದದ್ದು ಕೊಡಲಿಯ ಚಿತ್ರ: “ಹಳೆಯದನ್ನು ಕಡಿದು ಒಳಗೆ ಬನ್ನಿ!” ಜೊತೆಗೆ ಎಲ್ಲ ಅಂಗಡಿಗಳಲ್ಲೂ ಒಂದೇ ದಿನ ಶುರುವಾಗಬೇಕಾದ ಒಂದು ಕಥೆ, ಅಂಗಡಿಯವರ ಕೈಗೆ ಮುಚ್ಚಿದ ಲಕೋಟೆಯಲ್ಲಿ. ಅದರ ಮೊದಲ ದೃಶ್ಯವೇ ಆ ಹೆಬ್ಬಾಗಿಲು. ಅದರ ನಿಯಮವನ್ನು ನಿಮ್ಮ ಮಾತಲ್ಲೇ ಇಡುತ್ತೇನೆ: “ಬೀಗದ ಕೈ ಅವಳ ಉಳಿದ ಕೈಯಲ್ಲಿದೆ. ಆ ಕೈ ಕಡಿಯದೆ ಬಾಗಿಲು ತೆರೆಯದು. ಅವಳು ಮಾತನಾಡುವುದಿಲ್ಲ.”

ಭಲೇ! ಯಾವ ಮಹಾಶಯರ ಮೆದುಳಿನಲ್ಲಿ ಹುಟ್ಟಿತು ಈ ಜಾಣತನ? ಹದಿನಾಲ್ಕು ವರ್ಷ ನಿಮ್ಮ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚಿ ಬಾಳಿಸಿದವರಿಗೆ ಹೊಸ ಪುಸ್ತಕ ಹಿಡಿಸಲು, ಹಳೆಯದರ ಕತ್ತು ಅವರಿಂದಲೇ ಕೊಯ್ಯಿಸಬೇಕೆ? ಹಳೆಯ ಪ್ರೀತಿಯ ಮೇಲೆ ಹೊಸ ಪ್ರೀತಿಯನ್ನು ಕಟ್ಟಲು ಬರುವುದಿಲ್ಲವೆ ನಿಮಗೆ?

ನಾಲ್ಕನೆಯ ಮೇಜು ನನ್ನದಾಗಿತ್ತು. ಕಥೆಯ ಹಾಳೆಗಳನ್ನು ಅಲ್ಲೇ, ಆಗಲೇ ಕೈಗೆ ಕೊಟ್ಟರು; ಮುಂಚೆ ನೋಡಲು ಬಿಡಲಿಲ್ಲ. ಸುತ್ತಲಿನ ಮೇಜುಗಳಲ್ಲಿ ಆಗಲೇ “ಕಡಿ! ಕಡಿ!” ಎದ್ದಿತ್ತು. ಒಂದರಲ್ಲಿ ಅವಳ ಮುಖ ಸುಟ್ಟರು, ಇನ್ನೊಂದರಲ್ಲಿ ಬಾಗಿಲಿಗೇ ಈಟಿಯಿಂದ ನೆಟ್ಟರು. ನನ್ನ ಮೇಜಿನಲ್ಲಿ ಆಡುವ ಕ್ಷೌರಿಕ, ಒಳ್ಳೆಯ ಮನುಷ್ಯ, ಆವೇಶದಲ್ಲಿ ಇಪ್ಪತ್ತು ಮುಖದ ದಾಳ ಎಸೆದ. ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು, ತಪ್ಪದ ಏಟು.

“ಕೈ ಹೋಯ್ತಾ ಗುರುವೇ?” ಎಂದ.

ನಾನು ತಂಗಿಯ ಕಡೆ ನೋಡಿದೆ.

“ನನ್ನ ಮುಖ ಯಾಕೆ ನೋಡ್ತೀಯಣ್ಣ? ಇಪ್ಪತ್ತು ಬಿದ್ದಿದೆ. ಹೇಳು,” ಎಂದಳು ಅವಳು.

ಹೇಳಿದೆ. ಪಾಪಿ ನಾಲಿಗೆ, ರಂಗದ ಚಟ! ಕೊಡಲಿ ಇಳಿದದ್ದು, ಎಲುಬು ಲಟಕ್ಕೆಂದದ್ದು, ಬಿದ್ದ ಕೈಯ ಬೆರಳು ಬೀಗದ ಕೈಯನ್ನು ಇನ್ನೂ ಬಿಡದೆ ಬಿಗಿಹಿಡಿದದ್ದು, ಒಂದೊಂದು ಬೆರಳನ್ನೂ ಮುರಿದು ಬಿಡಿಸಿದ್ದು, ಅವಳು ಹೊಸ್ತಿಲ ಮೇಲೆ ರಕ್ತ ಸುರಿದು ಸತ್ತದ್ದು. ಇಡೀ ಮಹಡಿ ಚಪ್ಪಾಳೆ ತಟ್ಟಿತು. ತಂಗಿ ತಟ್ಟಲಿಲ್ಲ, ತಟ್ಟಲು ಅವಳಿಗೆ ಬರುವುದಿಲ್ಲ. ಎದ್ದು ನಿಂತು, “ಚೆನ್ನಾಗಿ ಹೇಳ್ದೆ ಕಣೋ. ನನ್ ಕೈ ಹೋದಾಗ ನಂಗೆ ಇಷ್ಟು ಗೊತ್ತಾಗಿರ್ಲಿಲ್ಲ,” ಎಂದು ಮೆಟ್ಟಿಲಿಳಿದು ಹೋದಳು. ಅಂದಿನಿಂದ ಮತ್ತೆ ಕೋಣೆ ಸೇರಿದ್ದಾಳೆ. ಊಟದ ತಟ್ಟೆ ಬಾಗಿಲ ಹೊರಗೆ ಇಡುತ್ತಿದ್ದೇವೆ.

ಕಥೆಯಲ್ಲಿ ಸಾವು ಇರಬಾರದು ಎಂದು ನಾನು ಅಳುತ್ತಿಲ್ಲ, ಸ್ವಾಮಿ. ನಮ್ಮ ಡೇರೆಯಲ್ಲಿ ವಾರಕ್ಕೆ ಹತ್ತು ಹೆಣ ಬೀಳುತ್ತಿದ್ದವು. ಆದರೆ ಮೊದಲ ಅಂಕದಲ್ಲೇ ಸಾಯುವ ಕಾವಲುಗಾರನಿಗೂ ಒಂದು ಮಾತು ಇರುತ್ತಿತ್ತು: “ಯಾರದು? ನಿಲ್ಲು!” ಅಷ್ಟಾದರೂ. ನಿಮ್ಮದೇ ಪುಸ್ತಕದಲ್ಲಿ ಬಾಯ್ತುಂಬ ಮಾತಾಡಿದವಳ ನಾಲಿಗೆಯನ್ನು ನೀವು ಕೈಗಿಂತ ಮೊದಲೇ ಕಡಿದಿರಿ. ಮಾತಾಡಿದರೆ ಯಾರಾದರೂ ಕೊಡಲಿ ಕೆಳಗಿಟ್ಟಾರು ಎಂಬ ಭಯವೆ?

ನಾನು ತಂಗಿಯ ಕೋಣೆಯ ಬಾಗಿಲ ಬಳಿ ನಿಂತು, “ನಮ್ಮ ಮೇಜಲ್ಲಿ ಅವ್ಳು ಸತ್ತೇ ಇಲ್ಲ ಅಂತ ಮಾಡೋಣ ಕಣೆ,” ಎಂದೆ. ಒಳಗಿನಿಂದ ಬಂದ ಉತ್ತರ: “ನಿನ್ ಮೇಜಲ್ಲಿ ಬದುಕಿಸ್ತೀಯ. ಬೇರೆ ಊರಲ್ಲಿ ಇವತ್ತೂ ಕಡೀತಾ ಇರ್ತಾರಲ್ಲ, ಅವ್ರಿಗೆ ಯಾರು ಹೇಳ್ತಾರೆ?”

ನೀವು ಹೇಳಬೇಕು. ಕ್ಷಮಾಪಣೆಯ ಪತ್ರ ಬೇಡ, ಉಡುಗೊರೆಯ ದಾಳಗಳೂ ಬೇಡ. ಈ ಕಥೆ ಹೊಸ ಪುಸ್ತಕದೊಳಗೆ ಸೇರಿ ಅಚ್ಚಾಗುವ ಮುನ್ನ “ಅವಳು ಮಾತನಾಡುವುದಿಲ್ಲ” ಎಂಬ ಸಾಲನ್ನು ಕಿತ್ತುಹಾಕಿ. ಆ ಜಾಗದಲ್ಲಿ ಅವಳು ಏನು ಹೇಳಬೇಕು, ಏನು ಕೇಳಿಸಿಕೊಂಡರೆ ಬಾಗಿಲು ತೆಗೆಯಬೇಕು ಎಂದು ನನ್ನ ತಂಗಿಗೆ ಬರೆದು ಕೇಳಿ. ಅವಳಿಗೆ ನೇರವಾಗಿ, ಅವಳ ಹೆಸರಿಗೆ. ಉತ್ತರ ತಡವಾದರೆ ಕಾಯಿರಿ, ಎಡಗೈಯಲ್ಲಿ ಬರೆಯುತ್ತಾಳೆ.

ಇಂತಿ,
ನಿಮ್ಮ ಕಥೆಯನ್ನು ಚಪ್ಪಾಳೆ ಬರುವಂತೆ ಹೇಳಿದ ಅಣ್ಣ